ದೋರ್ಕಮ್ಮನ ಮೂವತ್ತೆಂಟು ಜೋಡಿ

ನಮ್ಮ ಊರಿನಲ್ಲಿ ಯಾರಿಗಾದರೂ ಏನನ್ನಾದರೂ ಕೊಡುವವರು ಎಡಗೈಯಿಂದ ಬಾಯಿ ಮುಚ್ಚಿಕೊಂಡು ಬಲಗೈಯಿಂದ ಕೊಡುತ್ತಾರೆ. ಹೊರಗಿನಿಂದ ಬಂದವರಿಗೆ ಇದು ನಾಚಿಕೆಯಂತೆ ಕಾಣುತ್ತದೆ. ನಾಚಿಕೆಯಲ್ಲ, ಎಚ್ಚರ. ಇಲ್ಲಿ ಕೊಟ್ಟ ವಸ್ತು, ಕೊಡುವಾಗ ಆಡಿದ ಮಾತನ್ನು ಇಟ್ಟುಕೊಳ್ಳುತ್ತದೆ. ಪಡೆದವರು ಪ್ರತಿದಿನ ಮೊದಲ ಸಲ ಅದನ್ನು ಮುಟ್ಟಿದಾಗ, ಕೊಟ್ಟವರದೇ ದನಿಯಲ್ಲಿ, ಅಷ್ಟೇ ಗಟ್ಟಿಯಾಗಿ, ಒಂದು ಸಲ ಹೇಳಿ ಸುಮ್ಮನಾಗುತ್ತದೆ. ಕೊಂಡ ವಸ್ತು ಮಾತಾಡುವುದಿಲ್ಲ. ಕದ್ದದ್ದೂ ಮಾತಾಡುವುದಿಲ್ಲ, ನಮ್ಮ ಪೊಲೀಸರಿಗೆ ಅದೊಂದು ಕೊರಗು.

ನನ್ನ ಅಜ್ಜಿಗೆ ಅವಳ ಅತ್ತೆ ಒಂದು ಹಿತ್ತಾಳೆ ಸೌಟು ಕೊಟ್ಟಿದ್ದಳು. ಕೊಡುವಾಗ ಏನೋ ಸಿಟ್ಟಿನಲ್ಲಿದ್ದಳಂತೆ. ಆ ಸೌಟು ನಲವತ್ತು ವರ್ಷ ದಿನಾ ಬೆಳಗ್ಗೆ ಒಲೆಯ ಮುಂದೆ "ತಿನ್ರಿ, ತಿಂದು ಮನಿ ಮುಗಸ್ರಿ" ಎಂದು ಕಿರುಚುತ್ತಿತ್ತು. ಬೇರೆ ಯಾರಿಗಾದರೂ ಬಾಯಿ ಮುಚ್ಚಿ ಕೊಟ್ಟಿದ್ದರೆ ಹಳೆಯ ಮಾತು ಅಳಿಸಿಹೋಗುತ್ತಿತ್ತು. ಅಜ್ಜಿ ಕೊಡಲಿಲ್ಲ. ಸೌಟು ಗಟ್ಟಿಯಾಗಿತ್ತು. ಕೊಟ್ಟವರಿಗೇ ತಿರುಗಿಸಿ ಕೊಡಬಹುದಿತ್ತಲ್ಲ ಎಂದು ಕೇಳಬೇಡಿ. ಕೊಟ್ಟವರ ಕೈಗೆ ಅದೇ ವಸ್ತುವನ್ನು ವಾಪಸು ಇಡುವುದು ನಮ್ಮಲ್ಲಿ ಮುಖಕ್ಕೆ ಉಗಿದ ಹಾಗೆ.

ಪತ್ರಿಕೆಯವರಾದ ನಾವಂತೂ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಹಿಂದೊಮ್ಮೆ ನಮ್ಮ ಸಹೋದ್ಯೋಗಿಯೊಬ್ಬರು ಗುತ್ತಿಗೆದಾರನೊಬ್ಬನಿಂದ ಪೆನ್ನು ಪಡೆದು, ಮರುದಿನ ಸಂಪಾದಕರ ಎದುರಿಗೇ ಅದರ ಮುಚ್ಚಳ ತೆಗೆದರು. "ಸೇತುವಿ ಸುದ್ದಿ ಸಣ್ಣದಾಗಿ ಹಾಕ್ರಿ" ಎಂದಿತು ಪೆನ್ನು. ಅವರು ಈಗ ಊರಾಚೆ ಕೋಳಿ ಸಾಕಿದ್ದಾರೆ.

ಇಂಥ ಊರಿನಲ್ಲಿ ದೋರ್ಕಮ್ಮ ಬಾಯಿ ಮುಚ್ಚದೆ ಕೊಡುತ್ತಿದ್ದಳು. ಬಂಡಿ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದೊಂದು ತಗಡಿನ ಶೆಡ್ಡು. ಕುಷ್ಠದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಕಾಲಿನ ಅರಿವು ಹೋದವರಿಗೆ ಅವಳು ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಕೊಡುತ್ತಿದ್ದಳು. ಅಂಥ ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ, ಕೆಂಡ ಮೆಟ್ಟಿದ್ದೂ ಗೊತ್ತಾಗುವುದಿಲ್ಲ. ಗಾಯ ಎಲುಬು ಮುಟ್ಟಿದ ಮೇಲೆ ವಾಸನೆಯಿಂದ ತಿಳಿಯುತ್ತದೆ. ಹಾಗಾಗಿ ಅವಳ ಚಪ್ಪಲಿಯಲ್ಲಿ ಒಂದೂ ಮೊಳೆ ಇರುವುದಿಲ್ಲ, ಎಲ್ಲ ಹೊಲಿಗೆ ಮತ್ತು ಅಂಟು. ಚಪ್ಪಲಿ ಕೈಗಿಡುವಾಗ ಅವಳು ತನ್ನ ದೇವರ ಹೆಸರು ಹೇಳುತ್ತಾಳೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಬೆಳಗ್ಗೆ ಆರರಿಂದ ಏಳರವರೆಗೆ ಆ ಓಣಿಯಲ್ಲಿ ಹಾದು ಹೋದರೆ ಮನೆಮನೆಯ ಹೊಸ್ತಿಲಿಂದ ಅವಳ ದನಿ ಕೇಳುತ್ತಿತ್ತು.

ಪುರಸಭೆಗೆ ಒಂದು ದೂರು ಬಂತು. ಅಧ್ಯಕ್ಷ ವೀರಭದ್ರಪ್ಪ ಕಡ್ಲಿಯವರು ಗುರುವಾರದ ಸಭೆಯಲ್ಲಿ ಶೆಡ್ಡಿಗೆ ಬೀಗ ಹಾಕುವ ಠರಾವು ತರುವುದಾಗಿ ಹೇಳಿದರು. ಅದಕ್ಕೂ ಐದು ದಿನ ಮೊದಲು, ಶನಿವಾರ, ನಾನು ಅವರ ಕಚೇರಿಗೆ ಹೋದೆ.

"ಹೆಸರು ಹೇಳೂದಕ್ಕ ನಂದೇನೂ ತಕರಾರಿಲ್ಲ," ಎಂದರು ಅಧ್ಯಕ್ಷರು. "ಆದ್ರ ಆಕಿ ಷರತ್ತು ಹಾಕತಾಳಂತ. ಚರ್ಚಿಗೆ ಬಂದವ್ರಿಗಷ್ಟ ಚಪ್ಪಲಿ ಅಂತ. ಕಾಲಿಲ್ಲದವನ ಕಾಲು ಹಿಡಕೊಂಡು ಜಗ್ಗಿದಂಗ ಆತಲ್ಲೋ ಅದು."

"ಯಾರು ಹೇಳಿದ್ರು?"

"ಎಲ್ಲಾರೂ ಹೇಳತಾರ."

"ಎಲ್ಲಾರ ಹೆಸರು ಹೇಳ್ರಿ, ಬರ್ಕೊಂತೀನಿ."

ಅವರು ನಕ್ಕರು. "ಧರಣಪ್ಪ, ಅದು ನಿನ್ನ ಕೆಲಸ. ಗುರುವಾರ ಮುಂಜಾನೆ ಪೇಪರಿನ್ಯಾಗ ನಿಜ ಬರಿ. ಷರತ್ತು ಇದ್ರ ಬೀಗ. ಇಲ್ಲಂದ್ರ ನಾನ ಹೋಗಿ ಆಕಿ ಕೈಯಾಗ ಒಂದು ಜೋಡಿ ಹೊಲಿಸ್ಕೊಂತೀನಿ. ರೊಕ್ಕಾ ಕೊಟ್ಟು, ಮತ್ತ. ನನ್ನ ಚಪ್ಪಲಿ ಸುಮ್ಮನಿರಬೇಕು."

ಅಲ್ಲಿಂದ ಶೆಡ್ಡಿಗೆ ಹೋದೆ. ದೋರ್ಕಮ್ಮನಿಗೆ ಆಗ ಐವತ್ತೆರಡು ವರ್ಷ. ಗಿಡ್ಡ ಆಳು, ಕನ್ನಡಕದ ಒಂದು ಕಡ್ಡಿಗೆ ಚಪ್ಪಲಿ ಹೊಲಿಯುವ ದಾರವನ್ನೇ ಸುತ್ತಿದ್ದಳು. ಗೋಡೆಯ ತುಂಬ ಕಾಗದದ ಮೇಲೆ ಬರೆದ ಪಾದಗಳ ಗೆರೆ, ಕೆಳಗೆ ಹೆಸರು. ಎಷ್ಟೋ ಪಾದಗಳಿಗೆ ಐದು ಬೆರಳು ಇರಲಿಲ್ಲ. ಎಣಿಸಿದೆ: ಮೂವತ್ತೆಂಟು ಜೋಡಿ.

"ಷರತ್ತು ಹಾಕತೀರೇನು?" ಎಂದು ನೇರವಾಗಿ ಕೇಳಿದೆ.

"ಇಲ್ಲ," ಎಂದಳು, ಅಷ್ಟೇ ನೇರವಾಗಿ. "ಎಲ್ಲಾರಿಗೂ ಒಂದ ಮಾತು ಹೇಳತೀನಿ. ನಿನ್ನ ಕಾಲು ಯೇಸುಸ್ವಾಮಿಗೆ ಗೊತ್ತು, ಜೋಪಾನ ನಡಿ. ಅಷ್ಟ."

"ಅದನ್ನಾದರೂ ಯಾಕ ಹೇಳಬೇಕು? ನಿಮ್ಮ ಚರ್ಚಿನವರು ಬಾಯಿ ಮುಚ್ಚೇ ಕೊಡತಾರ. ನಿಮ್ಮ ಪಾದ್ರಿ ಅಯ್ಯನವರೂ ಅಷ್ಟ."

"ನಾನೂ ಹನ್ನೊಂದು ವರ್ಷ ಹಂಗ ಕೊಟ್ಟೆ." ಅವಳು ರಬ್ಬರು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಒಮ್ಮೆ ಹುಸೇನ್‌ಬಿ ಕೇಳಿದ್ಲು, ಯಾಕವ್ವಾ ಮಾಡತಿ ಇದನ್ನೆಲ್ಲಾ, ಅಂತ. ಕೈಯಾಗ ಚಪ್ಪಲಿ, ಬಾಯಿ ಮ್ಯಾಲ ಕೈ. ಸುಮ್ಮನಿದ್ದೆ. ಆಕಿ, ದೋರ್ಕಮ್ಮ ಭಾಳ ಒಳ್ಳೇಕಿ ಅಂತ ಊರೆಲ್ಲಾ ಹೇಳ್ಕೊಂಡು ಬಂದ್ಲು. ನಾ ಒಳ್ಳೇಕಿ ಅಲ್ರಿ. ನನ್ನ ಸ್ವಭಾವಕ್ಕ ಬಿಟ್ರ ಆ ಕಾಲು ಮುಟ್ಟಾಕ ಹೇಸಿಗಿ ಬರತೈತಿ. ಮುಟ್ಟಿಸಿದಾವ ಒಬ್ಬ ಅದಾನ. ಅವನ ಹೆಸರು ಹೇಳದ ನಾನ ಶಾಬಾಸ್‌ಗಿರಿ ತಗೊಂಡ್ರ ಸುಳ್ಳು ಹೇಳಿದಂಗ ಆಗತೈತಿ."

ಆಮೇಲೆ ಅವಳೇ ಕೇಳಿದಳು: "ನಿಮ್ಮವ್ವ ಕೊಟ್ಟದ್ದು ಏನರ ನಿಮ್ಮ ಕಡೆ ಐತೇನು?"

ಇತ್ತು. ಒಂದು ಕೌದಿ. ನನ್ನ ತಾಯಿ ಶಿಸ್ತಿನವಳು, ಎಡಗೈಯಿಂದ ಬಾಯಿ ಮುಚ್ಚಿಕೊಂಡೇ ಕೊಟ್ಟಿದ್ದಳು. ಅವಳು ತೀರಿಕೊಂಡ ಮೇಲೆ ಎಷ್ಟೋ ಬೆಳಗು ನಾನು ಅದನ್ನು ಮುಟ್ಟಿ ಕಾದಿದ್ದೇನೆ. ಅದು ಏನೂ ಹೇಳುವುದಿಲ್ಲ. ಇದನ್ನು ದೋರ್ಕಮ್ಮನಿಗೆ ತಿಳಿಸಬೇಕೆನ್ನಿಸಲಿಲ್ಲ. ಪ್ರಶ್ನೆ ಕೇಳುವುದು ನನ್ನ ಕೆಲಸ ಎಂದು ಹೇಳಿ ಎದ್ದೆ.

ಸೋಮವಾರ, ಮಂಗಳವಾರ, ಬುಧವಾರ, ಮೂರು ಬೆಳಗು ಆ ಓಣಿಯಲ್ಲಿ ನಿಂತೆ. ಗೋಡೆಯ ಮೇಲಿನ ಹೆಸರುಗಳನ್ನು ಬರೆದುಕೊಂಡಿದ್ದೆ. ಮನೆಯವರು ಕಾಲು ತೂರಿಸುವುದನ್ನು ಕಣ್ಣಾರೆ ನೋಡಿ, ಚಪ್ಪಲಿಯ ಮಾತನ್ನು ಕಿವಿಯಾರೆ ಕೇಳಿ, ಹೆಸರಿನ ಮುಂದೆ ಗೀಟು ಹಾಕುತ್ತ ಹೋದೆ. ಎಲ್ಲೆಡೆ ಅದೇ ಮಾತು. ಕೆಲವು ಸಲ ಅವಳ ದನಿಯಲ್ಲಿ ನೆಗಡಿ, ಒಂದು ಸಲ ಹಿನ್ನೆಲೆಯಲ್ಲಿ ಆಡಿನ ಕೂಗು. ಹುಸೇನ್‌ಬಿಗೆ ಎಪ್ಪತ್ತು ದಾಟಿತ್ತು. ಅವಳು ಚಪ್ಪಲಿಗೆ ಎದುರು ಉತ್ತರ ಕೊಡುತ್ತಿದ್ದಳು.

"ನಿನ್ನ ಕಾಲು ಯೇಸುಸ್ವಾಮಿಗೆ ಗೊತ್ತು," ಎಂದಿತು ಚಪ್ಪಲಿ.

"ಗೊತ್ತಿದ್ರ ಛಲೋ ಆತು. ಮೊಣಕಾಲಿಂದೂ ಒಂಚೂರು ಹೇಳು ಅವಗ," ಎಂದಳು ಹುಸೇನ್‌ಬಿ.

"ಬೇಜಾರಾಗೂದಿಲ್ಲೇನು ಅಜ್ಜಿ, ದಿನಾ ಕೇಳಿ?" ಎಂದು ವಿಚಾರಿಸಿದೆ.

"ಯಾಕ ಆಗತೈತಿ? ನನ್ನ ನಮಾಜು ನಾ ಮಾಡತೀನಿ. ಆಕಿ ಮಾತು ಆಕಿ ಹೇಳತಾಳ. ಜೋಪಾನ ನಡಿ ಅಂತ ನನ್ನ ಸೊಸಿ ಒಂದಿನಾ ಅಂದಿಲ್ಲ ನೋಡು." ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು.

ಬುಧವಾರ ಬೆಳಗ್ಗೆ ಏಳಕ್ಕೆ ನನ್ನ ಪಟ್ಟಿಯಲ್ಲಿ ಮೂವತ್ತೇಳು ಗೀಟು ಬಿದ್ದಿದ್ದವು. ಮೂವತ್ತೇಳರಲ್ಲೂ ಷರತ್ತಿಲ್ಲ. ಉಳಿದ ಹೆಸರು ಹುಚ್ಚೀರಪ್ಪ. ಬಂಡಿ ಸ್ಟ್ಯಾಂಡಿನ ಕಾವಲುಗಾರ, ಒಂಟಿ ಮನುಷ್ಯ. ಅವನ ಗುಡಿಸಲು ಶೆಡ್ಡಿನ ಎದುರಿಗೇ ಇತ್ತು. ಗೋಡೆಯ ಮೇಲಿನ ಪಾದಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅವನದು. ಮೂರು ದಿನವೂ ಅವನು ಬರಿಗಾಲಲ್ಲೇ ಓಡಾಡಿದ್ದನ್ನು ನಾನು ನೋಡಿದ್ದೆ. ಹೊಸದಾಗಿ ಮಾಡಿಸಿಕೊಂಡದ್ದು ಕಾಲಿಗೆ ಒಗ್ಗಲಿಲ್ಲವೇನೋ ಎಂದುಕೊಂಡಿದ್ದೆ. ಊಹೆಯನ್ನು ಪರೀಕ್ಷಿಸದೆ ಬಿಡುವುದು ನಮ್ಮ ವೃತ್ತಿಯಲ್ಲಿ ತಪ್ಪು. ನಾನು ಆ ತಪ್ಪನ್ನು ಮೂರು ದಿನ ಮಾಡಿದ್ದೆ.

ಅವನು ಹೊಸ್ತಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಸೊಟ್ಟ ಬೆರಳುಗಳ ಸಂದಿಯಲ್ಲಿ ಬೀಡಿ ಹಿಡಿಯುವ ಅವನದೇ ಒಂದು ವಿಧಾನವಿತ್ತು. ಬಲಗಾಲಿನ ಅಂಗಾಲು ನನ್ನ ಕಡೆಗಿತ್ತು. ಹೆಬ್ಬೆರಳಿನ ಬುಡದಲ್ಲಿ ನಿಂಬೆಹಣ್ಣು ಕೂರುವಷ್ಟು ದೊಡ್ಡ ಗಾಯ.

"ಚಪ್ಪಲಿ ಎಲ್ಲಿ?"

"ಐತಿ."

"ಹಾಕ್ಕೊಂಡು ತೋರಸ್ರಿ. ಎಲ್ಲಾರದೂ ಕೇಳೀನಿ, ನಿಮ್ಮದೊಂದ ಉಳದೈತಿ. ಆಕಿ ಷರತ್ತು ಹಾಕತಾಳಂತ ದೂರು ಐತಿ. ನಾಳಿ ಸಭಾದಾಗ ಶೆಡ್ಡು ಮುಚ್ಚತಾರ."

"ಮೂವತ್ತೇಳು ಕೇಳೀರಲ್ಲ. ಸಾಕಾಗೂದಿಲ್ಲೇನು?"

"ಇಲ್ಲ," ಎಂದೆ.

ಅವನು ಬೀಡಿಯನ್ನು ಹೊಸ್ತಿಲಿಗೆ ಒತ್ತಿ ಆರಿಸಿದ. ಆಮೇಲೆ ಒಳಗೆ ಹೋಗಿ ತೊಲೆಗೆ ಕಟ್ಟಿದ್ದ ಗೋಣಿಚೀಲದ ಗಂಟು ತಂದ. ಬಿಚ್ಚುವ ಮೊದಲು ಹೇಳಿದ: "ಏಳು ತಿಂಗಳಾತು, ಮುಟ್ಟಿಲ್ಲ. ಆಕಿ ಎದುರಿಗೆ ಬಂದ್ರ ತಪ್ಪಿಸ್ಕೊಂತೀನಿ, ಕಾಲು ಆಕಿಗೆ ಕಂಡಿಲ್ಲ. ಹಾಕ್ಕೊಂಡ್ರ ಓಣಿಗೆಲ್ಲಾ ಕೇಳತೈತಿ. ಆಕಿಗೆ ಕೆಟ್ಟ ಹೆಸರು ಬರತೈತಿ. ಎಂಟು ವರ್ಷ ನನ್ನ ಕಾಲು ತೊಳದ ಹೆಣ್ಮಗಳು ಆಕಿ."

ಅವನು ಚಪ್ಪಲಿಯನ್ನು ಮುಟ್ಟಿದ. ದೋರ್ಕಮ್ಮನ ದನಿ, ದಣಿದದ್ದು, ಅವಸರದ್ದು: "ಈ ಐತವಾರ ಚರ್ಚಿಗೆ ಬಂದ್ರ ಮುಂದಿನ ಜೋಡಿ ಹೊಲಿತೀನಿ, ಇಲ್ಲಂದ್ರ ಇಲ್ಲ."

ಎದುರಿನ ಶೆಡ್ಡಿನ ಬಾಗಿಲು ಇನ್ನೂ ತೆರೆದಿರಲಿಲ್ಲ.

ಸಂಪಾದಕರಿಗೆ ಹೇಳಿದೆ. ಮೂವತ್ತೇಳಕ್ಕೆ ಒಂದು, ಏನು ಮಾಡೋಣ ಎಂದು ಕೇಳಿದೆ. "ಮೂವತ್ತೇಳೂ ಬರಿ, ಒಂದೂ ಬರಿ," ಎಂದರು. "ಬರೆಯುವ ಮೊದಲು ಆಕೆಯನ್ನು ಕೇಳು." ಆ ಮಾತನ್ನು ಅವರು ಹೇಳಬೇಕಾಗಿರಲಿಲ್ಲ. ಆದರೆ ಅದನ್ನು ನೆಪ ಮಾಡಿಕೊಂಡು ನಾನು ಎರಡು ಲೋಟ ಚಹಾ ಕುಡಿದೇ ಹೊರಟೆ.

ದೋರ್ಕಮ್ಮ ಅಂಟು ಹಚ್ಚುತ್ತಿದ್ದಳು. ನಾನು ಕೇಳಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಕುಂಚ ಅವಳ ಕೈಯಲ್ಲೇ ನಿಂತಿತು.

"ನಾನು ಅಂದಿದ್ದು?"

"ನಿಮ್ಮ ದನಿ."

ಅವಳು ಗೋಡೆಯ ಮೇಲಿನ ಆ ದೊಡ್ಡ ಪಾದವನ್ನು ನೋಡಿದಳು. ಆಮೇಲೆ ಒಂದೊಂದಾಗಿ ನೆನಪಿಸಿಕೊಂಡು ಹೇಳಿದಳು. ಚರ್ಚಿನ ಸುಗ್ಗಿ ಹಬ್ಬದ ಹಿಂದಿನ ದಿನ. ಮೇಲಿನ ಊರಿಂದ ಬಿಷಪ್ಪರು ಬರುವವರಿದ್ದರು. ಇಷ್ಟು ಜನರಿಗೆ ಚಪ್ಪಲಿ ಕೊಟ್ಟು ಒಬ್ಬರನ್ನೂ ಬೆಂಚಿನ ಮೇಲೆ ಕೂರಿಸಲಾಗಲಿಲ್ಲವಲ್ಲ ಎಂದು ಚರ್ಚಿನ ಹೆಂಗಸರು ನಕ್ಕಿದ್ದರು. ಶೆಡ್ಡಿಗೆ ಬಂದಾಗ ಹುಚ್ಚೀರಪ್ಪ ಕಾಯುತ್ತಿದ್ದ.

"ಅಂದೀನಿ," ಎಂದಳು. "ಅಂದು ಮರತೀನಿ. ಶನಿವಾರ ನಿಮಗ ಇಲ್ಲ ಅಂದೆನಲ್ಲ, ಅದೂ ಸುಳ್ಳಾತು. ಬರೀರಿ." ಆಮೇಲೆ, ತಟ್ಟನೆ: "ಹಾಕ್ಕೊಂಡಿಲ್ಲ ಅಂದ್ರಿ. ಏಳು ತಿಂಗಳು ಬರಿಗಾಲು? ಕಾಲು ಹೆಂಗೈತಿ?"

ನಾನು ಗಾಯದ ಅಳತೆ ಹೇಳಿದೆ. ಅವಳು ಕುಂಚವನ್ನು ಡಬ್ಬಿಯಲ್ಲೇ ಬಿಟ್ಟು ಎದ್ದಳು. ಬೋಗುಣಿ, ಉಪ್ಪುನೀರಿನ ಬಾಟಲಿ, ಬಟ್ಟೆಯ ಸುರುಳಿ ಹಿಡಿದು ಓಣಿ ದಾಟಿದಳು. ಗುಡಿಸಲಿನ ಬಾಗಿಲಲ್ಲಿ ನಿಂತು ನೋಡಿದೆ. ಹುಚ್ಚೀರಪ್ಪ ಬೇಡ ಎಂದು ಕಾಲು ಎಳೆದುಕೊಂಡ. ಅವಳು ಹಿಡಿದ ಕಾಲು ಬಿಡಲಿಲ್ಲ. ಗಾಯ ತೊಳೆದು ಕಟ್ಟು ಕಟ್ಟಿದಳು. ಅಷ್ಟರಲ್ಲಿ ಅವಳ ಕನ್ನಡಕ ಎರಡು ಸಲ ಜಾರಿ ಬೋಗುಣಿಗೆ ಬಿತ್ತು.

"ತಪ್ಪಾತೋ ಅಣ್ಣಾ," ಎಂದಳು ಕಡೆಗೆ.

"ಆತು ಬಿಡವ್ವಾ," ಎಂದ ಅವನು. "ಪೇಪರಿನವ್ರು ನಿಂತಾರ, ಏಳು."

ಗುರುವಾರ ವರದಿ ಬಂತು. ಮೂವತ್ತೇಳನ್ನೂ ಬರೆದಿದ್ದೆ, ಒಂದನ್ನೂ ಬರೆದಿದ್ದೆ, ಗಾಯವನ್ನೂ ಬರೆದಿದ್ದೆ. ಸಂಜೆ ನಾಲ್ಕಕ್ಕೆ ಪುರಸಭೆಯ ಹಾಲಿನಲ್ಲಿ ಕೂರಲು ಜಾಗವಿರಲಿಲ್ಲ. ಚರ್ಚಿನ ಅಯ್ಯನವರು ಕಿಟಕಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದರು.

ಅಧ್ಯಕ್ಷರು ವರದಿಯನ್ನು ಪೂರ್ತಿ ಓದಿಸಿದರು. ನಂತರ ಕೇಳಿದರು: "ಇದು ಖರೇನೇನವ್ವಾ?"

"ಖರೇರಿ."

"ನೋಡು, ನಾ ಕಟುಕ ಅಲ್ಲ. ನಿನ್ನ ಚಪ್ಪಲಿ ಇಲ್ಲದಿದ್ರ ಆ ಓಣ್ಯಾಗ ಎಷ್ಟು ಕಾಲು ಹೋಗತಾವು ಅನ್ನೂದು ನನಗೂ ಗೊತ್ತೈತಿ. ಒಂದ ಒಂದು ಕೆಲಸ ಮಾಡು. ಎಲ್ಲಾರಂಗ ಬಾಯಿ ಮುಚ್ಚಿ ಕೊಡು. ಶೆಡ್ಡು ಉಳೀತೈತಿ, ಕಾಲೂ ಉಳೀತಾವು. ಇಲ್ಲಂದ್ರ ಬೀಗ."

ಹಾಲಿನ ತುಂಬ ಸರಿ ಸರಿ ಎಂಬ ಗುಜುಗುಜು. ಅಯ್ಯನವರೂ ತಲೆ ಅಲ್ಲಾಡಿಸಿದರು. ನನಗೂ ಅದು ನ್ಯಾಯವಾದ ಮಾತೆಂದೇ ಕಂಡಿತು.

ದೋರ್ಕಮ್ಮ ಎದ್ದು ನಿಂತಳು. "ಅಧ್ಯಕ್ಷರ, ಬಾಯಿ ಮುಚ್ಚಿ ಕೊಟ್ಟಿದ್ರ ನನ್ನ ತಪ್ಪು ಸಿಗತಿರಲಿಲ್ಲ. ಮನಸಿನ್ಯಾಗ ಷರತ್ತು ಇರತಿತ್ತು, ಕೈ ಮಾತ್ರ ಬಾಯಿ ಮ್ಯಾಲ. ಈ ಊರಾಗ ಎಷ್ಟು ಮಂದಿ ಹಂಗ ಕೊಟ್ಟಾರೋ ಯಾರಿಗೆ ಗೊತ್ತು. ನಾ ತಪ್ಪು ಮಾತಾಡಿದೆ, ಅದು ಸಿಕ್ಕಿಬಿತ್ತು. ಅದು ಛಲೋನ ಆತು. ಆದ್ರ ಒಂದು ಸುಳ್ಳು ಮಾತಾಡೀನಿ ಅಂತ ಹೇಳಿ ಖರೇ ಮಾತು ಬಿಡು ಅಂದ್ರ ಹೆಂಗ್ರಿ? ಯಾರ ಹೆಸರಿನ್ಯಾಗ ಮಾಡತೀನೋ ಆ ಹೆಸರು ಹೇಳತೀನಿ. ಬಂದ್ರೂ ಕೊಡತೀನಿ, ಬರದಿದ್ರೂ ಕೊಡತೀನಿ. ಅಷ್ಟಕ್ಕ ಬೀಗ ಹಾಕೂದಿದ್ರ ಹಾಕ್ರಿ."

"ಬರದಿದ್ರೂ ಕೊಡತೀನಿ ಅಂತ ಈಗ ಅಂತಿ," ಎಂದ ಸದಸ್ಯನೊಬ್ಬ. "ಆ ಚಪ್ಪಲಿ ಬ್ಯಾರೇನ ಅಂತೈತಲ್ಲ! ಯಾವುದನ್ನ ನಂಬೂದು?"

ಆಗ ಹಿಂದಿನಿಂದ ಜನ ಸರಿದರು. ಹುಚ್ಚೀರಪ್ಪ ಬಂಡಿಯವನೊಬ್ಬನ ಹೆಗಲು ಹಿಡಿದು ಕಟ್ಟು ಕಟ್ಟಿದ ಕಾಲನ್ನು ಎತ್ತಿಡುತ್ತ ಬಂದ. ಕಂಕುಳಲ್ಲಿ ಗೋಣಿಯ ಗಂಟು. ದೋರ್ಕಮ್ಮನ ಎದುರು ನಿಂತು ಗಂಟು ಬಿಚ್ಚಿ ಆ ದೊಡ್ಡ ಚಪ್ಪಲಿಗಳನ್ನು ಕೈಗೆ ತೆಗೆದುಕೊಂಡ. ಅಂದು ಅವನು ಅವನ್ನು ಮುಟ್ಟಿದ್ದು ಅದೇ ಮೊದಲು. ಅವಳ ಷರತ್ತು ಇಡೀ ಹಾಲಿಗೆ ಕೇಳಿತು. ಆಮೇಲೆ ಅವನು ಎರಡೂ ಕೈ ಮುಂದೆ ಚಾಚಿದ.

ಕೊಟ್ಟವಳ ಕೈಗೇ ವಾಪಸು! ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಧ್ಯಕ್ಷರು, "ಏ ಹುಚ್ಚೀರಪ್ಪ, ತಡಿ, ಹಂಗ ಅವಮಾನ ಮಾಡಬ್ಯಾಡ," ಎಂದು ಎದ್ದರು.

"ಅವಮಾನ ಅಲ್ರಿ. ಹಳೇ ಮಾತು ಅಳಸಾಕ ಕೊಡಾಕತ್ತೀನಿ," ಎಂದ ಅವನು. ಅವನ ಎಡಗೈ ಬಾಯಿಯ ಮೇಲಿರಲಿಲ್ಲ. ಅವಳ ಮುಖ ನೋಡಿ, ಗಟ್ಟಿಯಾಗಿ, ಬಂಡಿ ಸ್ಟ್ಯಾಂಡಿನಲ್ಲಿ ಎತ್ತುಗಳನ್ನು ಸರಿಸುವ ದನಿಯಲ್ಲಿ ಹೇಳಿದ: "ನಾ ಬರಂಗಿಲ್ಲ, ಯವ್ವಾ. ಆದ್ರೂ ಹೊಲಿ."

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಠರಾವಿಗೆ ಕೈ ಎತ್ತಿ ಎಂದಾಗ ಹನ್ನೊಂದು ಮಂದಿ ಸದಸ್ಯರಲ್ಲಿ ನಾಲ್ವರು ಎತ್ತಿದರು. ಬೀಗ ಬೀಳಲಿಲ್ಲ. ಅಧ್ಯಕ್ಷರು ತಮ್ಮ ಮರ್ಯಾದೆಗೆ ಒಂದು ನಿಯಮ ಸೇರಿಸಿದರು: ದೋರ್ಕಮ್ಮ ಇನ್ನು ಮುಂದೆ ಶೆಡ್ಡಿನ ಒಳಗೆ ಕೊಡಬಾರದು, ಹಗಲಲ್ಲಿ, ಹೊರಗಿನ ಕಟ್ಟೆಯ ಮೇಲೆ, ಹಾದು ಹೋಗುವವರಿಗೆ ಕೇಳುವಂತೆ ಮಾತಾಡಿ ಕೊಡಬೇಕು. "ಅದನ್ನ ಬೇಡಾಕ ಬಂದಿದ್ದೆ," ಎಂದಳಂತೆ ಅವಳು. ಈ ಮಾತನ್ನು ನಾನು ಸ್ವತಃ ಕೇಳಿಲ್ಲ, ಅಯ್ಯನವರು ಹೇಳಿದ್ದು.

ಹುಚ್ಚೀರಪ್ಪನ ಹೊಸ ಜೋಡಿ ಮುಗಿಯಲು ಹನ್ನೊಂದು ದಿನ ಹಿಡಿಯಿತು. ಅವಳು ಅದನ್ನು ಕೊಟ್ಟ ದಿನ ಕಟ್ಟೆಯ ಸುತ್ತ ಅರ್ಧ ಊರು ನಿಂತಿತ್ತು. ನಾನೂ ಪುಸ್ತಕ ಬಿಚ್ಚಿ ಮುಂದೆ ನಿಂತಿದ್ದೆ. ಏನಾದರೂ ಹೊಸದು ಹೇಳಿಯಾಳೆಂಬ ಕುತೂಹಲ. ಅವಳು ಹಳೆಯದನ್ನೇ ಹೇಳಿದಳು: "ನಿನ್ನ ಕಾಲು ಯೇಸುಸ್ವಾಮಿಗೆ ಗೊತ್ತು. ಜೋಪಾನ ನಡಿ." ಹುಸೇನ್‌ಬಿ ಪಕ್ಕದಲ್ಲಿದ್ದವರಿಗೆ, "ನನ್ನ ಮೊಣಕಾಲಿಂದು ಇನ್ನೂ ಹೇಳಿಲ್ಲ ಆಕಿ," ಎಂದಳು.

ಹುಚ್ಚೀರಪ್ಪ ಮುಂದೆ ಚರ್ಚಿಗೆ ಹೋದನೇ ಎಂದು ಓದುಗರು ಪತ್ರ ಬರೆದು ಕೇಳುತ್ತಾರೆ. ವಿಚಾರಿಸಿದ್ದೇನೆ. ಹೋಗಿಲ್ಲ. ಐತವಾರ ಬೆಳಗ್ಗೆ ಅವನು ಬಂಡಿ ಕಾಯುತ್ತಾನೆ. ಗಾಯ ನಾಲ್ಕು ತಿಂಗಳಲ್ಲಿ ಮುಚ್ಚಿತು. ಒಂದು ಬೆರಳು ಹೋಯಿತು.

ದೋರ್ಕಮ್ಮ ಈಗ ಆರಕ್ಕೇ ಶೆಡ್ಡು ತೆರೆದು, ಅಲ್ಲೇ ಬಿಟ್ಟಿರುವ ಆ ಹಳೆಯ ದೊಡ್ಡ ಚಪ್ಪಲಿಗಳನ್ನು ತಾನೇ ಮೆಟ್ಟುತ್ತಾಳೆ. ಅವಳ ಕಾಲು ಅದರಲ್ಲಿ ಅರ್ಧಕ್ಕೆ ಮುಗಿಯುತ್ತದೆ. ನಡೆದರೆ ಪಟಪಟ ಸದ್ದು. ನಾನು ಕಚೇರಿಗೆ ಹೋಗುವ ದಾರಿಯನ್ನು ಬದಲಿಸಿಕೊಂಡು ಆ ಓಣಿಯಲ್ಲೇ ಹೋಗುತ್ತೇನೆ. ಬೆಳಗ್ಗೆ ಆರೂ ಹತ್ತರ ಸುಮಾರಿಗೆ ಶೆಡ್ಡಿನ ಹೊಸ್ತಿಲಿಂದ ಹುಚ್ಚೀರಪ್ಪನ ದನಿ ಬರುತ್ತದೆ: ನಾ ಬರಂಗಿಲ್ಲ, ಯವ್ವಾ, ಆದ್ರೂ ಹೊಲಿ. ಎದುರು ಗುಡಿಸಲಿಂದ ದೋರ್ಕಮ್ಮನ ದನಿ ಬರುತ್ತದೆ: ನಿನ್ನ ಕಾಲು ಯೇಸುಸ್ವಾಮಿಗೆ ಗೊತ್ತು, ಜೋಪಾನ ನಡಿ. ನಡುವಿನ ಅಂತರ ಇಪ್ಪತ್ತೆರಡು ಹೆಜ್ಜೆ, ಅಳೆದಿದ್ದೇನೆ. ಕೆಲವು ದಿನ ಅವನು ಏಳುವುದು ತಡವಾಗುತ್ತದೆ. ಅಂಥ ದಿನ ತನ್ನ ಕಾಲ ಕೆಳಗಿನ ಮಾತು ಮುಗಿದ ಮೇಲೂ ಅವಳು ಕೆಲಸಕ್ಕೆ ಕೂರುವುದಿಲ್ಲ. ಎದುರಿನ ಬಾಗಿಲಿಂದ ತನ್ನದೇ ದನಿ ಕೇಳುವ ತನಕ ಓಣಿಯಲ್ಲಿ ನಿಂತಿರುತ್ತಾಳೆ.